ಸಾಹೇಬರು ಬಿಟ್ಟ ಹಮ್ಮೂರ್

ಆ ಶುಕ್ರವಾರ ದೋಹಾದ ನಮ್ಮ ಅಡುಗೆಮನೆಯಲ್ಲಿ ಮೀನು ಬರುವ ಮೊದಲೇ ಮಸಾಲೆ ಅರೆದಾಗಿತ್ತು. ಓದುಗ ಮಿತ್ರರೇ, ಇದನ್ನು ಅಮ್ಮನ ಪತಿಭಕ್ತಿ ಎನ್ನಿ, ಧೈರ್ಯ ಎನ್ನಿ, ನಿಮ್ಮಿಷ್ಟ. ಮೆಣಸು, ಕೊತ್ತಂಬರಿ, ಕಾಯಿ ಸೇರಿ ಕೆಂಪಗೆ ಹೊಳೆಯುತ್ತಿದ್ದ ಆ ಸ್ಟೀಲ್ ಬೋಗುಣಿಯಲ್ಲಿ ಅಪ್ಪನ ಮಾನವೂ ನೆನೆಯುತ್ತಿತ್ತು. ಮಲ್ಪೆಯ ಮಗನಾಗಿಯೂ ಮಾರುಕಟ್ಟೆಯ ಬುಟ್ಟಿಯಲ್ಲಲ್ಲದೆ ಬೇರೆಲ್ಲೂ ಮೀನು ಹಿಡಿದು ಗೊತ್ತಿಲ್ಲದ ಅಪ್ಪನನ್ನು, ವಾರವಾರವೂ ಊಟಕ್ಕೆ ಬರುವ ಸೋದರಮಾವ ಹುರಿದು ತಿನ್ನುತ್ತಿದ್ದ.

"ಭಾವ, ನಿಮ್ಮ ಗಾಳಕ್ಕೆ ನಿಮ್ಮ ಲುಂಗಿ ಬಿಟ್ರೆ ಎಂತದೂ ಸಿಗ್ಲಿಕ್ಕಿಲ್ಲ ಮಾರಾಯ್ರೆ."

"ಬರುವ ಶುಕ್ರವಾರ ನಾನು ಹಿಡಿದದ್ದೇ ಸಾರು," ಎಂದು ಅಪ್ಪ ಶಪಥ ಮಾಡಿಬಿಟ್ಟಿದ್ದರು.

ಗಾಳ ಹಾಕುವುದನ್ನು ಕಲಿಸಲು ಅಪ್ಪನ ಮತ್ತು ನನ್ನ ಜೊತೆಗೆ ಬಂದವರು ಅಪ್ಪನ ಆಫೀಸಿನ ದೊಡ್ಡ ಸಾಹೇಬರು, ಸ್ಕಾಟ್ಲೆಂಡಿನವರು. ಅವರ ಊರಿನ ಚಳಿನದಿಗಳಲ್ಲಿ ಸಾಲ್ಮನ್ ಏರಿಬರುವ ಕಾಲಕ್ಕೆ, ಎದೆಯವರೆಗೆ ರಬ್ಬರ್ ತೊಟ್ಟ ಗಂಡಸರು ಭುಜಕ್ಕೆ ಭುಜ ತಾಗಿಸಿ ನೀರಿನಲ್ಲಿ ನಡುಗುತ್ತ, ಒಬ್ಬರ ದಾರದಿಂದ ಇನ್ನೊಬ್ಬರ ದಾರ ಬಿಡಿಸುತ್ತ, ದಿನವಿಡೀ 'ಸಾರಿ' ಹೇಳಿಕೊಳ್ಳುತ್ತಾರಂತೆ. ಅದಕ್ಕೆ ವಿಶ್ರಾಂತಿ ಎಂದು ಹೆಸರಂತೆ. ನಮ್ಮ ಅಲ್ ಖೋರ್‌ನ ದೋಣಿಧಕ್ಕೆಯಲ್ಲೂ ಅಷ್ಟೇ ಜನ, ಸಾರಿ ಮಾತ್ರ ಇಲ್ಲ. ಅರ್ಧ ಕೇರಳ, ಕಾಲು ಈಜಿಪ್ಟ್, ನಡುವೆ ಅಪ್ಪನ ಮೊಣಕೈಗೆ ಜಾಗವಿಲ್ಲ.

ಆದರೂ ಬಿಸಿಲೇರುವ ಹೊತ್ತಿಗೆ ಅಪ್ಪನ ಕೋಲು ಬಿಲ್ಲಿನಂತೆ ಬಾಗಿತು. "ಯಲ್ಲಾ, ಯಲ್ಲಾ" ಎಂದು ಧಕ್ಕೆಗೆ ಧಕ್ಕೆಯೇ ಹುರಿದುಂಬಿಸಿತು. ಮೇಲೆ ಬಂದದ್ದು ಒಂದೂವರೆ ಗೇಣಿನ ಹಮ್ಮೂರ್, ಕೊಲ್ಲಿಯ ಮೀನುಗಳ ಮಹಾರಾಜ. ಸಾಹೇಬರು ಮಂಡಿಯೂರಿ, ಕೈ ಒದ್ದೆ ಮಾಡಿಕೊಂಡು, ಹೆರಿಗೆ ಡಾಕ್ಟರರ ನಾಜೂಕಿನಲ್ಲಿ ಕೊಕ್ಕೆ ಬಿಡಿಸಿ, ಇಂಗ್ಲಿಷಿನಲ್ಲಿ ಕೇಳಿದರು: "ಇನ್ನೂ ಎಳೆಯದು. ಬಿಟ್ಟುಬಿಡೋಣವೇ?"

ಸಾಹೇಬರು ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಕೊಟ್ಟು ಪಳಗಿದ ಆ ಗಲ್ಫ್ ನಾಲಿಗೆ, ಅಪ್ಪನನ್ನು ಕೇಳದೆಯೇ ಹೇಳಿತು: "ಯೆಸ್ ಸರ್."

ಡುಬುಕ್.

"ಚೇಟ್ಟಾ, ದಿಮಾಗ್ ಮಾಫಿ?" ತಲೆ ನೆಟ್ಟಗಿಲ್ಲವೇ ಎಂದು ಪಕ್ಕದ ಮಲಯಾಳಿ ಕೇಳಿದ. ಅಪ್ಪ ಕೊಕ್ಕೆಗೆ ಹೊಸ ಎರೆ ಸಿಕ್ಕಿಸಿದರು. ಆಮೇಲೆ ಗಾಳಕ್ಕೆ ಪಾಚಿಯೂ ಸಿಗಲಿಲ್ಲ.

ಮರಳುವ ದಾರಿಯಲ್ಲಿ ನಾನೊಂದು ಘನ ತತ್ವ ಕಂಡುಕೊಂಡೆ: ಹಿಡಿದದ್ದನ್ನು ಬಿಡುವುದು ಫ್ರಿಜ್ಜು ತುಂಬಿದವರ ದಯೆ, ಅದೇ ಕೆಲಸವನ್ನು ಮಸಾಲೆ ಅರೆದಿಟ್ಟವರು ಮಾಡಿದರೆ ಪೆದ್ದುತನ. ಮೀನಿಗೇನೋ ಎರಡೂ ಒಂದೇ, ಅಪ್ಪನಿಗಲ್ಲ.

ಅಮ್ಮ ಮಸಾಲೆಗೆ ಬೇಯಿಸಿದ ಮೊಟ್ಟೆ ಹಾಕಿದಳು. ಊಟಕ್ಕೆ ಸಾಹೇಬರೂ ಕುಳಿತರು, ಮಾವನೂ ಕುಳಿತ.

"ಎಂತ ಭಾವ, ಮೀನು ಮೊಟ್ಟೆ ಇಟ್ಟು ಹೋಯ್ತಾ?"

"ಸಿಕ್ಕಿತ್ತು ಮಾವ, ನಾನೇ ನೋಡಿದ್ದು," ಎಂದೆ.

"ನೀನು ಸುಮ್ಮನಿರು. ನಿನಗೆ ಬೆಕ್ಕು ಕಂಡ್ರೂ ಹುಲಿ. ಸಿಕ್ಕಿದ್ದೇ ಸುಳ್ಳು."

ಅಪ್ಪ ಅನ್ನ ಕಲಸುತ್ತಲೇ ಇದ್ದರು, ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. ಮಾತು ಅರ್ಥವಾಗದಿದ್ದರೂ ನಗು ಅರ್ಥವಾದ ಸಾಹೇಬರು ಏನೆಂದು ನನ್ನನ್ನು ಕೇಳಿದರು. ಹೇಳಿದೆ. ಖಾರಕ್ಕೆ ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಯಿತು. ಚಮಚ ಕೆಳಗಿಟ್ಟು, ಮಾವನ ಕಡೆ ತಿರುಗಿ, ಎರಡೂ ಕೈಗಳನ್ನು ಅಗಲಿಸಿ, ಒಂದೂವರೆ ಗೇಣನ್ನು ಮೂರು ಗೇಣಿಗೆ ಬೆಳೆಸಿ ತೋರಿಸಿದರು.

ಮಾವನ ನಗು ನಿಂತಿತು. ಅಪ್ಪ ಎಂಜಲು ಕೈ ಹಿಂದಿಟ್ಟುಕೊಂಡು, ಎಡಗೈಯಿಂದ ಸಾಹೇಬರ ಮಣಿಕಟ್ಟು ಹಿಡಿದು, ಮೆಲ್ಲನೆ ಇನ್ನೊಂದು ಗೇಣು ಆಚೆಗೆ ಸರಿಸಿದರು.