ಹಾಸಿಯೇ ಬಿಟ್ಟ ಚಾಪೆ

ಐವತ್ತಾರನೇ ಇಸವಿಯ ಆಗಸ್ಟ್, ಒಂದು ಭಾನುವಾರ, ಬೆಳಗಿನ ಒಂಬತ್ತೂವರೆ. ಸಯನ್‌ನ ಚಾಳಿನ ಕೋಣೆಯೊಳಗಿದ್ದವನು ನಾನೊಬ್ಬನೇ; ಹೊಸ್ತಿಲಾಚೆ ನಿಂತಿದ್ದವನು ನನ್ನ ಜೊತೆಗಾರ. ಉಡುಪಿ ಕಡೆಯ ಅವನು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ರಾತ್ರಿ ಪಾಳಿಯ ಅಡುಗೆಯವನು. ನಾನು ಆಫೀಸಿನ ಗುಮಾಸ್ತ. ಇಬ್ಬರಿಗೂ ಒಂದೇ ಚಾಪೆ. ರಾತ್ರಿ ನನಗೆ, ಹಗಲು ಅವನಿಗೆ. ಭಾನುವಾರ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಅವರನ್ನೊಮ್ಮೆ ಏಳಿಸಿ ಮಾರಾಯ್ರೆ" ಎಂದ, ಮೆಲ್ಲಗೆ.

"ಯಾರನ್ನಯ್ಯಾ?"

"ಚಾಪೆಯಲ್ಲಿ ಮಲಗಿದ್ದಾರಲ್ಲ."

ಚಾಪೆ ಬರಿದಾಗಿತ್ತು. ದಿಂಬಿನ ಮೇಲೆ ಮಳೆ ಬಿಟ್ಟ ಬಿಸಿಲು ಬಿದ್ದಿತ್ತು. ಅವನ ಕಣ್ಣು ಅಲ್ಲಿಂದ ಕದಲಲಿಲ್ಲ.

"ನಿಮ್ಮ ನೆಂಟರು ಅಂತ ಎಣಿಸಿದೆ. ಏಳು ದಿನ ಆಯ್ತು. ಎಬ್ಬಿಸ್ಲಿಕ್ಕೆ ಸಂಕೋಚ, ಗೋಡೆಗೆ ಒರಗಿ ಕೂತ್ಕೊಳ್ತೇನೆ. ಕಣ್ಣು ಮುಚ್ಚಿದ್ರೆ ಅವರು ಮಗ್ಗುಲು ಬದಲಿಸೋದು ಕೇಳ್ತದೆ."

"ಕೈಗೇನದು ಬಟ್ಟೆ?"

"ನಿನ್ನೆ ವಡೆ ತೆಗೀಲಿಕ್ಕೆ ಎಣ್ಣೆಗೆ ಬೆರಳೇ ಹಾಕಿದೆ. ಸುಟ್ಟದ್ದೂ ತಡವಾಗಿ ಗೊತ್ತಾಯ್ತು."

ಇವನು ಇನ್ನೊಂದು ರಾತ್ರಿ ಒಲೆಯ ಮುಂದೆ ನಿಲ್ಲಬಾರದು ಎಂದು ಆಗಲೇ ನಿಶ್ಚಯಿಸಿದೆ. ತಪ್ಪು ನನ್ನದೇ. ಹಾಸ್ಟೆಲಿನ ಗಂಟೆಗೆ ಎದ್ದು ಕೂತು ಬೆಳೆದವನು ನಾನು. ಸಮಯ ಉಳಿಸುವ ಚಟ. ಹಿಂದಿನ ಭಾನುವಾರ, "ನಾನು ಸುತ್ತೋದು, ನೀನು ಬಿಡಿಸೋದು ಯಾಕೆ? ಹಾಸಿಯೇ ಇರಲಿ" ಎಂದಿದ್ದೆ. ಎದ್ದ ಮೇಲೆ ಚಾಪೆ ಸುತ್ತದೆ ಬಿಟ್ಟರೆ ಬೇರೆ ಯಾರೋ ಬಂದು ಮಲಗುತ್ತಾರೆಂದು ಅವನ ಮನೆಯವರು ಹೇಳಿ ಬೆಳೆಸಿದ್ದರು. ದೊಡ್ಡವನೆಂದು ನನಗೆ ಎದುರಾಡಿರಲಿಲ್ಲ.

ನಾನು ವಾದಿಸಲಿಲ್ಲ. ಚಾಪೆಯ ಬಳಿ ನಿಂತು, "ಏಳಿ, ಹೊತ್ತಾಯ್ತು. ಇದು ಇವನ ಪಾಳಿ" ಎಂದೆ. ಹತ್ತು ಎಣಿಸಿ ಸುತ್ತತೊಡಗಿದೆ. ಗೋಡೆಯ ಕಡೆಯ ಅಂಚು ಕೈಗೆ ಬೆಚ್ಚಗೆ ತಾಗಿತು. ನಾನು ಎದ್ದು ಆಗಲೇ ನಾಲ್ಕೂವರೆ ತಾಸು ಕಳೆದಿತ್ತು. ಆ ಮೂಲೆಗೆ ಬಿಸಿಲು ಬರುವುದಿಲ್ಲ. ಅವನಿಗೆ ಹೇಳಲಿಲ್ಲ. ಬಾಗಿಲಾಚೆಯ ಗ್ಯಾಲರಿಯಲ್ಲಿ ಕೊಡವಿ ಅವನ ಕೈಗೇ ಕೊಟ್ಟೆ. ತಾನೇ ಬಿಡಿಸಿ ಹಾಸಿದ. ಮಲಗಿದೊಡನೆ ನಿದ್ದೆ ಹೋದ.

ಮಧ್ಯಾಹ್ನ ದಾದರಿನಲ್ಲಿ ಲೋಕಲ್ ಬದಲಿಸಿ ಅವನ ಹೋಟೆಲಿಗೆ ಹೋದೆ. ಅವನು ಎರಡು ದಿನ ಕೆಲಸಕ್ಕೆ ಬರುವುದಿಲ್ಲ ಎಂದು ಧಣಿಗೆ ತಿಳಿಸಿದೆ.

"ಜ್ವರವಾ?"

"ಅಲ್ಲ, ನಿದ್ದೆ."

"ನಿದ್ದೆಗೂ ರಜೆಯಾ! ಹಾಗಾದ್ರೆ ನಾನೂ ಮಲಗ್ತೇನೆ, ಗಲ್ಲಾದಲ್ಲಿ ನೀವು ಕೂತ್ಕೊಳ್ಳಿ."

"ನಿನ್ನೆ ಎಣ್ಣೆಗೆ ಬಿದ್ದದ್ದು ಬೆರಳು. ನಾಳೆ ಏನು ಬೀಳುತ್ತದೋ ನೋಡಿಕೊಳ್ಳಿ" ಎಂದೆ. ಧಣಿಯ ನಗು ನಿಂತಿತು. "ಮಲಗ್ಲಿ" ಎಂದರು.

ಹಿಂದಿರುಗಿದಾಗ ಸಂಜೆ ಏಳು. ಅವನು ಇನ್ನೂ ಮಲಗಿದ್ದ, ಉಸಿರು ಸಮವಾಗಿತ್ತು. ಆದರೆ ಚಾಪೆಯ ಒಂದೇ ಅಂಚಿಗೆ ಸರಿದಿದ್ದ, ಗೋಡೆಯ ಕಡೆ ಇನ್ನೊಬ್ಬರಿಗೆ ಜಾಗ ಬಿಟ್ಟವನಂತೆ.

ಒಂಬತ್ತಕ್ಕೆ ಚಾಪೆ ನನ್ನದು. ಎಬ್ಬಿಸಲಿಲ್ಲ, ಆ ಖಾಲಿ ಜಾಗದಲ್ಲಿ ಮಲಗಲೂ ಇಲ್ಲ. ನನ್ನ ಹೊದಿಕೆಯನ್ನು ಅವನಿಗೆ ಹೊದಿಸಿ, ಗ್ಯಾಲರಿಯಲ್ಲಿ ಎರಡು ಗೋಣಿಚೀಲ ಹಾಸಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ.