ಸಾ ಬಂತು, ಮೀಂಡು ಹೋಯಿತು

ಆ ಪುಸ್ತಕದ ಮೇಲೆ ‘ಸ್ವರಲಿಪಿ’ ಎಂಬ ಮಾತಿನ ಮುಂದೆ ನನ್ನ ಹೆಸರಿದೆ. ಕಂಡಾಗಲೆಲ್ಲ ಹೇಸಿಗೆಯಾಗಿ ಪುಸ್ತಕ ಮಗುಚಿಡುತ್ತೇನೆ.

ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ಸಂಗೀತದ ಮಾಸ್ತರ. ಶಿಗ್ಗಾವಿಯ ಸಂಘವೊಂದು ಮೊಹರಂ ಪದಗಳಿಗೆ ಸ್ವರಲಿಪಿ ಬರೆದುಕೊಡಲು ಕೇಳಿತು. ಹಾಡುವವರು ಸವಣೂರಿನ ಎಲೆತೋಟದ ಮನೆಯ ಒಬ್ಬ ಮುದುಕಿ. ತಂದೆಯಿಂದ ಕಲಿತ ಹತ್ತೊಂಬತ್ತು ಪದ ಅವರ ಬಾಯಲ್ಲಿದ್ದವು, ಎಲ್ಲ ಕನ್ನಡದವು, ಕರ್ಬಲಾದ ಕಾಳಗದಲ್ಲಿ ಸತ್ತವರ ದುಃಖದವು. ವೀಳ್ಯದೆಲೆ ಎಣಿಸುತ್ತಲೇ ಹಾಡುತ್ತಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವಾಗ ಅಳುವೇ ಕೇಳಿದಂತಾಗುತ್ತಿತ್ತು.

ನಾನು ಲ್ಯಾಪ್‌ಟಾಪಿನಲ್ಲಿ ಸ್ವರಲಿಪಿಯ ಸಾಫ್ಟ್‌ವೇರ್ ತೆರೆದು, ಮೌಸ್ ಹಿಡಿದು ಒಂದೊಂದೇ ಸ್ವರ ಕೂಡಿಸುತ್ತಿದ್ದೆ. ಒಂದು ಸಾಲಿಗೆ ಅರ್ಧ ತಾಸು.

“ಮಾಸ್ತರ, ನೀವು ಬರದು ಮುಗಿಸೂದ್ರಾಗ ನಾ ಮಣ್ಣಾಗಿ ಹೊಕ್ಕೇನ್ರಿ,” ಅಂದರು ಅವರು.

ನಾಚಿಕೆಯಾಯಿತು. ಆ ಸಾಫ್ಟ್‌ವೇರ್‌ನಲ್ಲಿ ಕೀಲಿಮಣೆಯಿಂದಲೂ ಸ್ವರ ಒತ್ತಬಹುದು, ಆದರೆ ಇಂಗ್ಲಿಷ್ ಪದ್ಧತಿಯಲ್ಲಿ: ಸಾ ಬೇಕಿದ್ದರೆ ಸಿ, ರೀ ಬೇಕಿದ್ದರೆ ಡಿ. ನನ್ನ ಬೆರಳು ಒಪ್ಪಲಿಲ್ಲ. ಒಂದು ಭಾನುವಾರ ಕುಳಿತು ಎಲ್ಲ ಬದಲಿಸಿದೆ. ಸಾಗೆ ಎಸ್, ರೀಗೆ ಆರ್, ಗಾಗೆ ಜಿ. ಕೋಮಲ ಸ್ವರಕ್ಕೆ ಜೊತೆಗೆ ಶಿಫ್ಟ್. ಎಸ್ ಒತ್ತಿದಾಗ ಒಂದು ಚೌಕ ತೆರೆಯಿತು: ಈ ಕೀ ಬೇರೆ ಕೆಲಸಕ್ಕಿದೆ, ಬದಲಿಸಲೇ? ಆ ಬೇರೆ ಕೆಲಸ ಅಂದರೆ ಎರಡು ಸ್ವರಗಳ ಮೇಲೆ ಬಾಗಿದ ಗೆರೆ ಎಳೆಯುವುದು, ನಮ್ಮ ಮೀಂಡು, ದನಿ ಜಾರುವುದರ ಗುರುತು. ‘ಹೌದು’ ಅಂದೆ. ಮೀಂಡನ್ನು ಮೂರು ಕೀ ಒಟ್ಟಿಗೆ ಒತ್ತುವ ಕಡೆ ದಬ್ಬಿದೆ.

ಆಮೇಲೆ ಬೆರಳು ಓಡಿತು. ಅವರು ಹಾಡಿ ನಿಲ್ಲಿಸುವಷ್ಟರಲ್ಲಿ ಸಾಲು ಮುಗಿದಿರುತ್ತಿತ್ತು. ಮೂರು ಕೀ ಒತ್ತಲು ಕೈ ತಡವರಿಸುತ್ತಿತ್ತು. ಮೊದಲು, ಮೀಂಡನ್ನು ಮನೆಗೆ ಹೋಗಿ ಹಾಕಿದರಾಯಿತು ಅಂದುಕೊಂಡೆ. ನಂತರ ಅದನ್ನೂ ಅಂದುಕೊಳ್ಳದೆ ಬಿಟ್ಟೇಬಿಟ್ಟೆ.

ಮುಗಿದ ಮೇಲೆ ಕಂಪ್ಯೂಟರಿನಿಂದಲೇ ನುಡಿಸಿ ಕೇಳಿಸಿದೆ. ಅವರು ಎಲೆ ಎಣಿಸುವುದನ್ನು ನಿಲ್ಲಿಸಿದರು.

“ಇದ್ಯಾರ ಪದಾರಿ?”

“ನಿಮ್ದ ಅಮ್ಮಾ.”

“ನಂದಲ್ಲ. ಇದ್ರಾಗ ಯಾರೂ ಸತ್ತಿಲ್ಲ.”

ಅಂದೇ ತಿದ್ದಬೇಕಿತ್ತು. ಹೇಸಿಗೆಯೆಂದರೆ, ಅದರ ಬದಲು ನಾನು ಶಿಗ್ಗಾವಿಗೆ ಹೋಗಿ ಸಂಘದ ಅಧ್ಯಕ್ಷರ ಮುಂದೆ ಅದನ್ನೇ ನುಡಿಸಿದೆ. ಅವರು ನಿವೃತ್ತ ಹೆಡ್‌ಮಾಸ್ತರರು. ಕಣ್ಣು ಮುಚ್ಚಿ ತಲೆದೂಗಿದರು.

“ಈಗ ಚೊಕ್ಕ ಆತ ನೋಡ್ರಿ. ಮುದುಕಿ ಸುಮ್ನ ಎಳದಾಡ್ತಿದ್ಳು. ಹಿಂಗಿದ್ರ ಹುಡುಗ್ಯಾರು ಲಗೂ ಕಲೀತಾರ.”

ಆ ‘ಚೊಕ್ಕ’ ಎಂಬ ಮಾತಿಗೆ ಮೈಯೆಲ್ಲ ಮುಳ್ಳಾಯಿತು. ಆದರೂ “ಹೌದ್ರಿ ಸರ್” ಅಂದೆ. ಪುಸ್ತಕ ಅಚ್ಚಾಯಿತು.

ಬಿಡುಗಡೆಯ ದಿನ ಹನ್ನೆರಡು ಹುಡುಗಿಯರು ಒಂದೇ ಬಣ್ಣದ ಸೀರೆಯುಟ್ಟು ಹಾಡಿದರು. ನಾನು ಕಳಿಸಿದ ಕಂಪ್ಯೂಟರ್ ಧ್ವನಿಯನ್ನೇ ಮೊಬೈಲಿನಲ್ಲಿ ಕೇಳಿ ಕಲಿತಿದ್ದರು. ಒಂದೊಂದು ಸ್ವರವೂ ಈಳಿಗೆಯಲ್ಲಿ ಕತ್ತರಿಸಿದ ಹಾಗೆ ಬಿತ್ತು. ತಪ್ಪು ಅವರದಲ್ಲ, ನಾನು ಬರೆದದ್ದನ್ನು ಬರೆದ ಹಾಗೆಯೇ ಹಾಡಿದ್ದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಶಾಲು ಹೊದಿಸಿದರು, ಅದನ್ನೂ ಹೊದ್ದುಕೊಂಡೆ. ಬಸ್ಸಿನಲ್ಲಿ ನನ್ನ ಕೈಗಳನ್ನು ನೋಡಿಕೊಳ್ಳಲೂ ಅಸಹ್ಯವಾಯಿತು.

ಮರುದಿನ ಸವಣೂರಿಗೆ ಹೋಗಿ ಆ ತಾಯಿಗೆ ಎಲ್ಲ ಹೇಳಿಬಿಟ್ಟೆ, ಎಸ್ ಕೀಯ ಸಂಗತಿಯನ್ನೂ. ಹೇಳುತ್ತ ಕಣ್ಣು ತುಂಬಿತು.

“ಅಳಬ್ಯಾಡ್ರಿ, ತಿದ್ರಿ,” ಅಂದರು. “ಒಂದ ಮಾತ. ನಾ ಹಾಡೂವಾಗ ಒತ್ತಬ್ಯಾಡ್ರಿ. ಕೇಳ್ರಿ ಮೊದಲ.”

ಈಗ ಮೀಂಡಿಗೆ ಸ್ಪೇಸ್ ಬಾರ್ ಕೊಟ್ಟಿದ್ದೇನೆ. ಏಳು ಪದ ತಿದ್ದಿಯಾಗಿದೆ. ಹೊಸ ಪ್ರತಿ ಅಚ್ಚು ಹಾಕಿಸಿರೆಂದು ಅಧ್ಯಕ್ಷರನ್ನು ಕೇಳಿದ್ದಕ್ಕೆ, “ಯಾರಿಗ ಗೊತ್ತಾಗ್ತದ ಬಿಡ್ರಿ,” ಅಂದು ನಕ್ಕರು. ಹಳೆಯ ಪುಸ್ತಕವೇ ಶಾಲೆಗಳಿಗೆ ಹೋಗುತ್ತಿದೆ.