ಎಲ್ಲ ಸರಿ ಎಂದ ಸ್ಕ್ರಿಪ್ಟ್

ಯಾವ ಕೆಲಸವಾದರೂ ತಕರಾರಿಲ್ಲದೆ ಮುಗಿದರೆ ನನಗೆ ಅನುಮಾನ. ಕುಕ್ಕರ್ ತಡವಾಗಿ ಕೂಗಿದರೂ ಅನುಮಾನ, ಬೇಗ ಕೂಗಿದರೂ ಅನುಮಾನ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಶಾಖೆಯಿರುವ ಖಾಸಗಿ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಮೂರು ಹಳೆಯ ಡೇಟಾಬೇಸ್‌ಗಳಲ್ಲಿದ್ದ ರೋಗಿಗಳ ಟೇಬಲ್‌ಗಳನ್ನು ಹೊಸದೊಂದಕ್ಕೆ ಸಾಗಿಸಬೇಕಿತ್ತು. ಆ ಕೆಲಸವನ್ನು ತಾನೇ ಮಾಡಿ ಮುಗಿಸುವ ಸಣ್ಣ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಬರೆದವನು ತರೀಕೆರೆಯ ಸಹೋದ್ಯೋಗಿ. ಭಾನುವಾರ ಓಡಿಸಿದ. ಒಂದೂ ದೋಷ ಬರಲಿಲ್ಲ. ಹಳೆಯವುಗಳಲ್ಲಿ ರೋಗಿಗಳ ಎಷ್ಟು ಸಾಲುಗಳಿದ್ದವೋ ಅಷ್ಟೇ ಹೊಸದಕ್ಕೂ ಬಂದಿದ್ದವು.

"ಲೆಕ್ಕ ಸರಿ ಐತಲ್ಲ, ಇನ್ನೇನ್ ನೋಡ್ತೀಯೋ?" ಎಂದ.

"ತಲೆ ಎಣಿಸಿದ್ರೆ ಆಯ್ತಾ? ಮುಖ ನೋಡ್ಬ್ಯಾಡ್ವಾ?" ಎಂದೆ.

ಸೋಮವಾರ ಮೂರು ಶಾಖೆಗಳೂ ಹೊಸದನ್ನೇ ಬಳಸತೊಡಗಿದವು; ನಾನು ಗುರುತಿದ್ದವರ ಹೆಸರುಗಳನ್ನು ಹುಡುಕುತ್ತಾ ಕುಳಿತೆ. ಕಡೂರಿನ ನನ್ನ ದಾಖಲೆ ಸರಿಯಿತ್ತು. ತರೀಕೆರೆಯ ಅವನದೂ ಸರಿಯಿತ್ತು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಅಜ್ಜಂಪುರದಲ್ಲಿ ಅವ್ವನ ಹೆಸರು ತೆಗೆದೆ. ಶಿವನಿಯಲ್ಲಿರುವ ಅವ್ವ, ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿದೆ, ಅಜ್ಜಂಪುರದ ಆಸ್ಪತ್ರೆಗೆ ಹೋಗುತ್ತೇನೆ ಎಂದು ಆ ಬೆಳಿಗ್ಗೆಯೇ ಫೋನ್ ಮಾಡಿದ್ದಳು. ಹೆಸರು, ವಯಸ್ಸು, ಊರು ಎಲ್ಲ ಇತ್ತು. ಹೆಸರಿನ ಮುಂದೆ ನಕ್ಷತ್ರ ಮಾತ್ರ ಇರಲಿಲ್ಲ.

ಅಜ್ಜಂಪುರದ ಹಳೆಯ ಸಾಫ್ಟ್‌ವೇರ್‌ನಲ್ಲಿ, ಯಾರಿಗೆ ಯಾವ ಔಷಧಿ ಒಗ್ಗದೆಂದು ಬರೆಯಲು ಜಾಗವೇ ಇರಲಿಲ್ಲ. ಅಲ್ಲಿನ ಸಿಸ್ಟರುಗಳು ಪೆನ್ಸಿಲಿನ್ ಒಗ್ಗದವರ ಹೆಸರಿನ ಮುಂದೆ ನಕ್ಷತ್ರದ ಗುರುತು ಒತ್ತಿಬಿಡುತ್ತಿದ್ದರು. ಅವ್ವನ ಮೈಯೆಲ್ಲ ಊದಿ ಉಸಿರು ಕಟ್ಟಿದ್ದ ದಿನ ಅದನ್ನು ಒತ್ತಿದ್ದು ನನ್ನ ಕಣ್ಣೆದುರೇ. ಸ್ಕ್ರಿಪ್ಟ್ ತೆರೆದು ನೋಡಿದೆ. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನಿದ್ದರೂ ಕಸವೆಂದು ಗುಡಿಸಿಹಾಕುವ ಸಾಲೊಂದು ಅದರಲ್ಲಿತ್ತು. ಅಜ್ಜಂಪುರದ ನಕ್ಷತ್ರಗಳೆಲ್ಲ ಕಸದ ಜೊತೆ ಹೋಗಿದ್ದವು.

ಅಜ್ಜಂಪುರಕ್ಕೆ ಫೋನ್ ಮಾಡಿದೆ. ಎತ್ತಿದವರು ಹೊಸ ಸಿಸ್ಟರ್.

"ಯಾರಿಗೂ ಪೆನ್ಸಿಲಿನ್ ಕೊಡ್ಬೇಡಿ ಕಣ್ರೀ! ಕಡೂರಿಂದ ಕಂಪ್ಯೂಟರ್‌ನವ್ನು ಮಾತಾಡ್ತಿರೋದು. ಶಿವನಿಯಿಂದ ನಮ್ಮವ್ವ ಬಂದವ್ರಾ?"

"ಇಲ್ಲೇ ಮಲಗವ್ರೆ ಸಾರ್. ಡಾಕ್ಟ್ರು ಅದನ್ನೇ ಬರ್ದವ್ರೆ. ಹೆಸ್ರು ಮುಂದೆ ಏನೂ ಇರ್ಲಿಲ್ಲ, ಸಿರಿಂಜ್‌ಗೆ ತುಂಬಿದೀನಿ."

"ಚೆಲ್ಲಿ ಅದನ್ನ! ಅವ್ವನ ಕೈಗೆ ಫೋನ್ ಕೊಡಿ."

ಅವ್ವನ ದನಿ ಕೇಳಿದ್ದೇ ತಡ, ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. "ಆ ಇಂಜೆಕ್ಷನ್ ನಂಗಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತವ್ವಾ?" ಎಂದು ಕೂಗಿಬಿಟ್ಟೆ.

"ಕೇಳಿದ್ರು ಕಣಪ್ಪಾ," ಎಂದಳು ಅವ್ವ. "ಎಲ್ಲ ಕಂಪ್ಯೂಟರಲ್ಲೈತೆ, ನನ್ ಮಗನೇ ಅದನ್ನ ನೋಡ್ಕಳ್ಳೋದು ಅಂದೆ."